ಕೈ ಹಿಡಿದದ್ದು

೧೯೮೨ರ ಒಂದು ಭಾನುವಾರ ಕಡೂರಿನ ಖಾಲಿ ಕೊಬ್ಬರಿ ಗೋದಾಮಿನಲ್ಲಿ ಆರು ಜನ ಗಂಡಸರು ಮತ್ತು ನಾನೊಬ್ಬಳು ಗೋಣಿತಾಟಿನ ಮೇಲೆ ನಿಂತಿದ್ದೆವು. ಎದುರಿಗೆ ಮಂಜಪ್ಪ ಮೇಷ್ಟ್ರು ಬಲಗೈ ಚಾಚಿಕೊಂಡು ಕಾಯುತ್ತಿದ್ದರು.

"ಯಾರಾದ್ರೂ ಬಂದು ನನ್ ಮಣಿಕಟ್ಟು ಹಿಡ್ಕೊಳ್ರಿ. ಐಕಿಡೊದಲ್ಲಿ ನಾವಾಗಿ ಯಾರ್ ಮೇಲೂ ಕೈ ಮಾಡಲ್ಲ. ಹಿಡಿಯೋರಿಲ್ದೆ ಈ ವಿದ್ಯೆ ಶುರುವಾಗಲ್ಲ."

ಯಾರೂ ಅಲುಗಲಿಲ್ಲ. ಮೇಷ್ಟ್ರು ಬೊಂಬಾಯಿಯ ಬಂದರಿನಲ್ಲಿ ಹನ್ನೆರಡು ವರ್ಷ ಕ್ರೇನ್ ನಡೆಸಿ, ಅಲ್ಲೇ ಒಬ್ಬ ಜಪಾನಿಯ ಹತ್ತಿರ ಈ ಆತ್ಮರಕ್ಷಣೆಯ ವಿದ್ಯೆ ಕಲಿತು ಬಂದವರು. ಅದು ಎಲ್ಲರಿಗೂ ಗೊತ್ತಿತ್ತು. ಅವರು ದ್ಯಾವಮ್ಮನ ಮಗ, ಊರಾಚೆಯ ಕೇರಿಯವರು ಎಂಬುದೂ ಗೊತ್ತಿತ್ತು. ಆ ಗಂಡಸರೆಲ್ಲ ದೂರ ನಿಂತು ನೋಡಿ ಕಲಿಯಬಹುದು ಅಂದುಕೊಂಡು ಬಂದಿದ್ದರು, ಮುಟ್ಟಬೇಕಾದೀತು ಎಂದು ಯಾರೂ ಎಣಿಸಿರಲಿಲ್ಲ. ಬಸ್ ಏಜೆಂಟ್ ತೀರ್ಥಪ್ಪ "ನಂಗೆ ನೆಗಡಿ" ಎಂದು ಹಿಂದೆ ಸರಿದ. ನೆಗಡಿಗೂ ಮಣಿಕಟ್ಟಿಗೂ ಏನು ಸಂಬಂಧವೋ ಶಿವನೇ ಬಲ್ಲ.

ನನಗೆ ಮಾತ್ರ ಕಾಯುವಷ್ಟು ಪುರುಸೊತ್ತಿರಲಿಲ್ಲ. ನಾನು ಯಗಟಿಯಿಂದ ದಿನಾ ಬಸ್ಸಿನಲ್ಲಿ ಕಡೂರಿಗೆ ಟೈಪಿಸ್ಟ್ ಕೆಲಸಕ್ಕೆ ಬರುವವಳು. ಹಿಂದಿನ ವಾರ ನಮ್ಮೂರ ಸಾಹುಕಾರರ ಮಗ ಓಂಕಾರಮೂರ್ತಿ ಅದೇ ಬೆಳಗಿನ ಬಸ್ಸಿನಲ್ಲಿ ನನ್ನ ಕೈ ಹಿಡಿದವನು ಇಳಿಯುವ ತನಕ ಬಿಟ್ಟಿರಲಿಲ್ಲ. ಮನೆಯಲ್ಲಿ ಹೇಳಿದ್ದಕ್ಕೆ ಅಪ್ಪ, "ಇನ್ನೊಂದ್ಸಲ ಹಿಂಗಾದ್ರೆ ಕೆಲ್ಸ ಬಿಟ್ಟು ಮನೇಲಿರು" ಎಂದುಬಿಟ್ಟರು. ಕೆಲಸ ಉಳಿಯಬೇಕಾದರೆ ನಾನು ಕೈ ಬಿಡಿಸಿಕೊಳ್ಳುವುದನ್ನು ಕಲಿಯಲೇಬೇಕಿತ್ತು.

ಹೋಗಿ ಹಿಡಿದೆ. ಮೇಷ್ಟ್ರು ಕೊಸರಲಿಲ್ಲ. ನನ್ನ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು ತಿರುಗಿದರು, ನಾನು ಗೋಣಿಯ ಮೇಲೆ ಕೂತಿದ್ದೆ. ಎಲ್ಲೂ ನೋಯಲಿಲ್ಲ.

"ಎಳೆದ ಕಡೆಗೇ ಹೋಗ್ಬೇಕು ಕಣಮ್ಮ. ಎದುರಿಗೆ ಎಳೆದ್ರೆ ಬಲ ಇರೋನೇ ಗೆಲ್ತಾನೆ," ಎಂದರು. ನಾನು ಏಳುವಷ್ಟರಲ್ಲಿ ತೀರ್ಥಪ್ಪ ಅಲ್ಲಿರಲಿಲ್ಲ.

ಅಪ್ಪ ಷಡಕ್ಷರಿ ಅವತ್ತು ಎರಡು ಬೀದಿಯಾಚೆ ಮಂಡಿಗೆ ಕೊಬ್ಬರಿ ತಂದಿದ್ದರು. ತೀರ್ಥಪ್ಪ ಅಲ್ಲಿಗೆ ಹೋಗಿ, "ನಿಮ್ ಪಂಕಜಾಕ್ಷಿ ಆ ಮಂಜಪ್ಪನ ಕೈ ಹಿಡಿದ್ಲು" ಎಂದನಂತೆ. ಸುಳ್ಳೇನಲ್ಲ. ಆದರೆ ನಮ್ಮಲ್ಲಿ ಹೆಣ್ಣು ಒಬ್ಬನ ಕೈ ಹಿಡಿದಳು ಎಂದರೆ ಅವನನ್ನು ಮದುವೆಯಾದಳು ಎಂದೇ ಅರ್ಥ.

ಅಪ್ಪ ಬರಿಗಾಲಲ್ಲಿ ಓಡಿ ಬಂದರು. ನನ್ನತ್ತ ನೋಡಲೂ ಇಲ್ಲ. "ಏನೋ ಮಾಡ್ದೆ ನನ್ ಮಗಳಿಗೆ" ಎನ್ನುತ್ತ ಮೇಷ್ಟ್ರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಬಾಗಿಲ ಕಡೆ ಎಳೆದರು. ಮೇಷ್ಟ್ರು ಎಳೆದ ಕಡೆಗೇ ಹೋಗಿ ತಿರುಗಿದರು. ಅಪ್ಪ ಗೋಣಿಯ ಮೇಲೆ ಕೂತರು.

ಅಪ್ಪ ಒಮ್ಮೆ ಕೂಗಿದರೆ ಮಂಡಿಗೆ ಮಂಡಿಯೇ ನುಗ್ಗಿ ಬರುತ್ತಿತ್ತು, ಆಮೇಲೆ ಮೇಷ್ಟ್ರ ಕೇರಿಯನ್ನು ಕಾಯುವವರು ಯಾರೂ ಇರುತ್ತಿರಲಿಲ್ಲ.

"ನೋವಾಯ್ತಾ ಯಜಮಾನ್ರೇ?" ಮೇಷ್ಟ್ರು ಎಬ್ಬಿಸಲು ಕೈ ಕೊಟ್ಟರು. ಅಪ್ಪ ಆಗಷ್ಟೇ ಹಿಡಿದಿದ್ದ ಕೈ ಅದು. ಈಗ ಅದನ್ನು ಮುಟ್ಟದೆ ನೆಲಕ್ಕೆ ಕೈಯೂರಿ ಎದ್ದರು.

"ನಡಿಯೇ ಮನೆಗೆ," ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಪ್ಪಾ, ಓಂಕಾರಮೂರ್ತಿ ನನ್ ಕೈ ಹಿಡ್ದಾಗ ಅವನ ಮನೆಗೆ ಹಿಂಗೆ ಓಡಿ ಹೋದ್ರಾ? ದಿನಾ ಅವರ ಜಗಲಿ ಮುಂದೇನೇ ಓಡಾಡ್ತೀರಲ್ಲ, ಒಂದ್ ಮಾತು ಕೇಳಿದ್ರಾ?"

ಅಪ್ಪ ಹೊರಗೆ ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತುಬಿಟ್ಟರು.

ಪಾಠ ಅರ್ಧಕ್ಕೇ ನಿಂತಿತ್ತು. ಇನ್ನು ಮೇಷ್ಟ್ರು ನನ್ನ ಕೈ ಹಿಡಿಯಬೇಕು, ನಾನು ಬಿಡಿಸಿಕೊಳ್ಳಬೇಕು. ಕೈ ಚಾಚಿದೆ. ಅವರು ಅಪ್ಪನ ಕಡೆ ನೋಡಿದರು. ಮುಂದೆ ತಂದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು.

"ಹಿಡೀರಿ ಮೇಷ್ಟ್ರೇ," ಎಂದೆ. "ನಾಳೆ ಬೆಳಿಗ್ಗೆ ಏಳೂವರೆಗೆ ನನ್ ಬಸ್ಸಿದೆ."