ಲಾಕ್ ಬಿಚ್ಚಿದ ಅಮಾವಾಸ್ಯೆ

ಸಂಪಗಾಂವದಾಚೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ಅಮಾವಾಸ್ಯೆಗೊಮ್ಮೆ ಗಾಣ ನಿಲ್ಲಿಸಿ, ಕಬ್ಬು ಕತ್ತರಿಸುವ ಬ್ಲೇಡುಗಳಿಗೆ ಪೂಜೆ ಮಾಡುತ್ತಾರೆ. ಮೇನ್ ಸ್ವಿಚ್ ಮಾತ್ರ ತೆಗೆಯುವುದಿಲ್ಲ. ಸತ್ತ ಮಷಿನ್ನಿಗೆ ಯಾರಾದರೂ ಆರತಿ ಬೆಳಗುತ್ತಾರೆಯೇ ಎಂಬುದು ಹಿರಿಯರ ವಾದ. ಕೆಳಗೆ ಗಂಟೆ ಬಾರಿಸಿದಾಗ ಮೇಲೆ ಕಂಟ್ರೋಲ್ ರೂಮಿನಲ್ಲಿ ಸಾಹೇಬರು ಸ್ಟಾರ್ಟ್ ಗುಂಡಿಗೂ ಕುಂಕುಮ ಒತ್ತಬೇಕು. ಗುಂಡಿ ಒತ್ತಿದರೂ ಬ್ಲೇಡು ತಿರುಗದಂತೆ ಹಿಡಿಯಲು ಲಾಕ್ ಇದೆಯಲ್ಲ ಎಂಬ ಧೈರ್ಯ. ದೇವರ ಮೇಲೆ ಹಾಕುವ ಭಾರವನ್ನು ಈ ಜನ ಲಾಕಿನ ಮೇಲೂ ಹಾಕಿಬಿಟ್ಟಿದ್ದರು.

ಕಂಟ್ರೋಲ್ ರೂಮಿನ ಕಂಪ್ಯೂಟರ್ ನೋಡಿಕೊಳ್ಳುವವಳು ರೇಣು. ಗಂಡ ಮಲ್ಲಿಕಾರ್ಜುನ ಅದೇ ಕಾರ್ಖಾನೆಯ ಫಿಟರ್. ಈ ಅಮಾವಾಸ್ಯೆಗೆ ಆರತಿ ತಟ್ಟೆ ಹಿಡಿದು ಬ್ಲೇಡುಗಳ ನಡುವೆ ಇಳಿದಿದ್ದ. ಗಾಣ ನಿಂತ ಹೊತ್ತು ನೋಡಿ ರೇಣು ಲಾಗ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ್ದಳು. ಮಷಿನ್ನುಗಳಲ್ಲಿ ಆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುವುದು ಅದರ ಕೆಲಸ. ಹಳೆಯದರಲ್ಲಿ ಒಂದು ದೋಷವಿತ್ತು. ಒಂದೇ ಸಂದೇಶ ಮತ್ತೆ ಮತ್ತೆ ಬಂದರೆ ಮೊದಲನೆಯದನ್ನು ಬರೆದು ಉಳಿದದ್ದನ್ನು ನುಂಗಿಬಿಡುತ್ತಿತ್ತು. ಹೊಸದರಲ್ಲಿ ಅದು ಸರಿಹೋಗಿತ್ತು.

ಪರದೆಯ ಮೇಲೆ ಒಂದು ಸಾಲು ಮೂಡಿತು: 'ಬ್ಲೇಡಿನ ಲಾಕ್ ತಾನಾಗಿ ಬಿಚ್ಚಿತು.'

ಬೇಸಿಗೆಯಲ್ಲಿ ಈ ಸಾಲನ್ನು ಅವಳು ಕಂಡಿದ್ದಳು. ಒಂದೇ ಸಲ ತಾನೆ ಎಂದು ಬಿಟ್ಟಿದ್ದಳು. ಈಗ ಅದರ ಕೆಳಗೆ ಅದೇ ಸಾಲು, ಅದರ ಕೆಳಗೆ ಮತ್ತೆ ಅದೇ. ನೋಡನೋಡುತ್ತ ಪರದೆ ತುಂಬಿತು.

ಕೆಳಗೆ ಗಂಟೆ ಬಾರಿಸಿದರು. ಶಿಫ್ಟ್ ಎಂಜಿನಿಯರ್ ಗುರುನಾಥ ಸಾಹೇಬರು ಹೆಬ್ಬೆರಳಿಗೆ ಕುಂಕುಮ ಅದ್ದಿಕೊಂಡು ಗುಂಡಿಯ ಕಡೆ ಕೈ ಚಾಚಿದರು. ರೇಣು ಹಾರಿ ಹೋಗಿ ಅವರ ಮಣಿಕಟ್ಟು ಹಿಡಿದುಬಿಟ್ಟಳು.

"ಏನವಾ ಇದು, ಕೈ ಬಿಡು."

"ಒತ್ತಬ್ಯಾಡ್ರಿ ಸಾಹೇಬ್ರ. ಲಾಕ್ ಬಿಚ್ಚೇತ್ರಿ. ಒಳಗ ನಮ್ಮ ಮನಿಯವ್ರು ಅದಾರ."

ಸಾಹೇಬರು ಪರದೆ ನೋಡಿದರು. ಹೋಗಿ ಮೇನ್ ಸ್ವಿಚ್ ಕೆಳಗೆಳೆದರು.

ಮಲ್ಲಿಕಾರ್ಜುನ ಸಿಡಿಮಿಡಿಗೊಂಡು ಮೆಟ್ಟಿಲು ಹತ್ತಿ ಬಂದ. "ಪೂಜಿ ಅರ್ಧಕ್ಕ ಕರೆಂಟ್ ಯಾಕ ತಗದ್ರಿ?"

ಸಾಹೇಬರು ಪರದೆಯ ಕಡೆ ಕೈ ಮಾಡಿದರು. ಓದಿದವನು ತಟ್ಟೆ ಸಮೇತ ನೆಲದ ಮೇಲೆ ಕುಳಿತ. ತಟ್ಟೆ ಪಕ್ಕಕ್ಕಿಟ್ಟು ಕೇಳಿದ, "ಹೋದ ಅಮಾಸಿಗೂ ಹಿಂಗ ಬಿಚ್ಚಿತ್ತೇನ, ರೇಣು?"

"ಗೊತ್ತಿಲ್ರಿ. ಹಳೇದು ಬರದಿಟ್ಟಿಲ್ಲ."

ಹೋದ ಅಮಾವಾಸ್ಯೆಗೆ ಅವನು ಮಗಳನ್ನು ಬಗಲಲ್ಲಿ ಎತ್ತಿಕೊಂಡು ಇಳಿದಿದ್ದ. ದೊಡ್ಡ ಬ್ಲೇಡಿಗೆ ಅವಳ ಪುಟ್ಟ ಕೈಯಿಂದಲೇ ಕುಂಕುಮ ಹಚ್ಚಿಸಿದ್ದ. ಗಂಟೆ ಬಾರಿಸುವಾಗ ಇನ್ನಷ್ಟು ಒಳಗೆ ಸರಿದು ನಿಲ್ಲಿರಿ ಎಂದು ಮೇಲಿನಿಂದ ಹೇಳಿ, ಫೋಟೋ ತೆಗೆದವಳು ರೇಣು.