ಚಾದರದ ಆಚೆ ತುದಿ

ಹಳೆಯ ಚಾದರ ತೆಗೆದು ಹೊಸದು ಹೊದಿಸಬೇಕು ಎಂದು ಯಾರೋ ಅಂದದ್ದೇ ತಡ, ಇವಳು ಎದ್ದು ಹೆಣದ ಕಾಲ ಬಳಿಯ ಎರಡು ಮೂಲೆ ಹಿಡಿದಳು. ಹಿಡಿದು, ಅಭ್ಯಾಸಬಲದಿಂದ ಕಾದಳು. ಆಚೆ ತುದಿ ಏಳಲಿಲ್ಲ. ಅದನ್ನು ಎತ್ತಬೇಕಾದವಳು ಚಾದರದ ಕೆಳಗೇ ಮಲಗಿದ್ದಳು.

"ಇರಿ ಚಿಕ್ಕಮ್ಮ, ನಾ ಹಿಡೀತೀನಿ," ಎಂದು ಸತ್ತವಳ ಮಗಳು ಬಂದಳು.

ಜೊತೆಗೆ ಕೆಲಸ ಮಾಡುವ ಇಸ್ತ್ರಿಯವಳು ಇವಳ ಕಿವಿಯಲ್ಲಿ ಪಿಸುಗುಟ್ಟಿದಳು. "ನೀನು ಬರ್ತೀಯ ಅಂದ್ಕೊಂಡಿರ್ಲಿಲ್ಲ ಕಣೇ."

"ರಜಾ ಇತ್ತು."

"ಸುಳ್ಳಿ! ನಿಂಗ್ಯಾರು ಕೊಟ್ರು ರಜಾ?"

*

ಆಸ್ಪತ್ರೆಯ ಲಾಂಡ್ರಿಯಲ್ಲಿ ಇವಳೂ ಸತ್ತವಳೂ ಜೋಡಿ. ಚಾದರ ಮಡಚುವಾಗ ಒಬ್ಬಳು ನಿಲ್ಲಬೇಕು, ಇನ್ನೊಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಅವಳ ಕೈಗೆ ಕೊಡಬೇಕು. ಒಮ್ಮೆ ಇವಳು, ಒಮ್ಮೆ ಅವಳು.

ಇವಳ ಗಂಡ ಮನೆ ಬಿಟ್ಟು ಹೋದ ವಾರ, ಊಟದ ಹೊತ್ತಿಗೆ, ಎಲ್ಲರ ಎದುರು ಜೋಡಿ ಬಾಯಿ ಬಿಟ್ಟಿದ್ದಳು: "ಪಾಪ, ಹಾಸಿಗೆ ಬಟ್ಟೆ ಮಡಚೋಕೆ ಬಂತು, ಹಾಸಿಗೇಲಿ ಗಂಡನ್ನ ಉಳಿಸ್ಕೊಳ್ಳೋಕೆ ಬರ್ಲಿಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವಳೂ ನಕ್ಕಳು. ತಾನು ನಕ್ಕದ್ದನ್ನೇ ಇವಳಿಗೆ ಮರೆಯಲಾಗಲಿಲ್ಲ.

ಮರುದಿನ ಇವಳು ನಡೆಯಲಿಲ್ಲ. ಮೂಲೆ ಹಿಡಿದು ಕಂಬದ ಹಾಗೆ ನಿಂತಳು. ಜೋಡಿ ಒಂದು ಗಳಿಗೆ ನೋಡಿ, ತಾನೇ ನಡೆದು ಬಂದಳು. ಅಲ್ಲಿಂದ ಮುಂದೆ ವರ್ಷಗಟ್ಟಲೆ, ಪ್ರತಿ ಚಾದರಕ್ಕೂ, ಅವಳೇ ನಡೆದಳು. ಒಂದು ದಿನ ಮೂಲೆ ಕೊಡುತ್ತಾ ಮೆಲ್ಲಗೆ, "ತಪ್ಪಾಯ್ತು ಕಣೇ," ಅಂದಳು.

"ಮಡಿಕೆ ಸೊಟ್ಟಗಿದೆ," ಅಂದಳು ಇವಳು. ಮಾತು ಅಲ್ಲಿಗೇ ಮುಗಿಯಿತು.

*

ಹೊಸ ಚಾದರವನ್ನು ಉಳಿದವರು ಹೊದಿಸಿದರು. ಹಳೆಯದು ಇಬ್ಬರ ಕೈಯಲ್ಲೇ ಉಳಿಯಿತು.

"ಅಮ್ಮಂಗೆ ಮಂಡಿ ಊದಿ ನಿಲ್ಲೋಕೇ ಆಗ್ತಿರ್ಲಿಲ್ಲ," ಅಂದಳು ಮಗಳು. "ಕೂತು ಮಾಡೋ ಕೆಲ್ಸ ಕೇಳಮ್ಮ ಅಂದ್ರೆ, 'ಒಂದಲ್ಲ ಒಂದಿನ ಅವಳು ನಡ್ಕೊಂಡು ಬರ್ತಾಳೆ, ಆಗ ನಾನು ಅಲ್ಲಿರ್ಬೇಕು' ಅನ್ನೋಳು. ಯಾರು ಚಿಕ್ಕಮ್ಮ ಅದು?"

ಹುಡುಗಿ ಮೂಲೆಗಳನ್ನು ಹಿಡಿದು ಒಂದು ಹೆಜ್ಜೆ ಮುಂದಿಟ್ಟಳು, ತಾಯಿಯದೇ ನಡಿಗೆ.

"ನಿಲ್ಲು. ಅಲ್ಲೇ ನಿಲ್ಲು ಮಗಾ."

ಮಂಚದ ಪಕ್ಕದಲ್ಲಿ, ಹೊದಿಸಿದ ಆ ಮಂಡಿಗಳನ್ನು ದಾಟಿ, ಇವಳು ನಡೆದು ಹೋದಳು. ತನ್ನ ಎರಡು ಮೂಲೆಗಳನ್ನು ಹುಡುಗಿಯ ಕೈಗಿಟ್ಟಳು; ಇಟ್ಟ ಮೇಲೂ ಬೆರಳು ಬಿಡಲಿಲ್ಲ. ಇಬ್ಬರ ನಡುವೆ ಜೋತುಬಿದ್ದ ಚಾದರದ ಮಡಿಕೆ ಸೊಟ್ಟಗಿತ್ತು. ಇವಳು ಅದನ್ನು ಸರಿಮಾಡಲಿಲ್ಲ.