ಟೀಚರ್ ಕಾಲು ಇಟ್ಟಿರಲಿಲ್ಲ

"ನೋಡು, ನಾನು ಕಾಲು ಇಟ್ಟಿಲ್ಲ," ಎಂದರು ಟೀಚರ್.

ಕಾರಿನ ಬಾಗಿಲು ಪೂರ್ತಿ ತೆರೆದು, ಎರಡೂ ಕಾಲು ಹೊರಗೆ ಚಾಚಿ, ಚಪ್ಪಲಿಗಳನ್ನು ಗ್ಯಾರೇಜಿನ ನೆಲಕ್ಕೆ ಊರಿ ಕೂತಿದ್ದರು. ಎಂಜಿನ್ ಓಡುತ್ತಿತ್ತು. ಎಲ್ಲರೂ ಎಂಜಿನ್ನಿನ ವೇಗ ತೋರಿಸುವ ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ಎಂಟುನೂರರ ಗೆರೆಯ ಮೇಲೆ ಸಾಧುವಾಗಿ ಕೂತಿತ್ತು. ನಿಮಿಷ ಒಂದಾಯಿತು, ಎರಡಾಯಿತು. ಅದು ಅಲುಗಲಿಲ್ಲ.

"ನೋಡ್ದೆ ಅಕ್ಕ, ಚೆನ್ನಾಗೇ ನೋಡ್ದೆ," ಎಂದ ಅವರ ತಮ್ಮ. "ಪೆಡಲಿಂದ ಕಾಲು ತೆಗೆದ ಕೂಡಲೇ ಸರಿಹೋಯ್ತು. ನಾನು ಹೇಳ್ತಿರೋದೂ ಅದನ್ನೇ ಅಲ್ವಾ?"

ತೆರೆದ ಬಾನೆಟ್ಟಿನೊಳಗೆ ಬಗ್ಗಿದ್ದವಳು ತಲೆಯೆತ್ತಲಿಲ್ಲ. ಗ್ಯಾರೇಜು ಅವಳ ಅಪ್ಪನದು. ಬೀದಿಯವರೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಮೇಸ್ತ್ರಿಯ ಮಂಡಿಗಳು ಕೈಕೊಟ್ಟ ಮೇಲೆ, ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕೆಲಸ ಬಿಟ್ಟು ಇವಳು ಬಂದು ನಾಲ್ಕು ವರ್ಷವಾಗಿತ್ತು. ಕೈಗೆ ಗ್ರೀಸು ಹತ್ತಿದ್ದೇನೋ ನಿಜ. ಆದರೆ ಗಿರಾಕಿಗಳು ಇವತ್ತಿಗೂ ಮಾತಾಡುತ್ತಿದ್ದುದು ಮೂಲೆಯ ಸ್ಟೂಲಿನ ಮೇಲೆ ಕೂತ ಅವನ ಜೊತೆ. ಅವಳು ಉತ್ತರ ಕೊಟ್ಟರೂ ಅವರ ಕಣ್ಣು ಸ್ಟೂಲಿನ ಕಡೆಗೇ ಹೋಗುತ್ತಿತ್ತು.

ಟೀಚರಿಗೆ ಎಪ್ಪತ್ತೊಂದು. ಮೂವತ್ತು ವರ್ಷ ಗಣಿತ ಕಲಿಸಿದವರು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂತಿದ್ದ ಈ ಹಸಿರು ಸ್ಪೋರ್ಟ್ಸ್ ಕಾರನ್ನು ನಲವತ್ತಮೂರನೇ ವಯಸ್ಸಿನಲ್ಲಿ, ಮನೆಯವರೆಲ್ಲ ಬೇಡವೆಂದಾಗ, ಹಟ ಹಿಡಿದು ಕೊಂಡಿದ್ದರು. ಅಂದಿನಿಂದ ಅದು ಇನ್ನೊಂದು ಗ್ಯಾರೇಜಿನ ಮುಖ ನೋಡಿರಲಿಲ್ಲ. ಈಗ ಒಂದೂವರೆ ತಿಂಗಳಿನಿಂದ ಅದಕ್ಕೆ ಹುಚ್ಚು ಹಿಡಿದಂತಾಗಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ತನ್ನಷ್ಟಕ್ಕೆ ಗುರ್ ಎಂದು ಏರುವುದು, ಪಕ್ಕದವರು ಮುದುಕಿಯ ಜೋರು ನೋಡಿ ನಗುವುದು. ಹೋದ ವಾರ ಮನೆಯ ಅಂಗಳದಲ್ಲಿ ನಿಧಾನಕ್ಕೆ ಒಳಗೆ ತರುವಾಗ ಅದು ಹಿಂದಿನಿಂದ ಯಾರೋ ತಳ್ಳಿದ ಹಾಗೆ ಮುಂದಕ್ಕೆ ಹೋಗಿ ಗೋಡೆಗೆ ಗುದ್ದಿತ್ತು.

"ಅಕ್ಕಂಗೆ ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು ಅಂದಾಜು ಸಿಗ್ತಿಲ್ಲ," ಎಂದು ತಮ್ಮ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದ. ಕಾರಿಗೆ ಗಿರಾಕಿಯನ್ನೂ ಹುಡುಕಿದ್ದ.

ಟೀಚರ್ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಅವರು ಮಾತಾಡಿದ್ದು ಅವಳ ಹತ್ತಿರ. "ನನ್ನ ಲೆಕ್ಕ ಸರಳ ಕಣಮ್ಮ. ತಪ್ಪು ಗಾಡೀದಾದ್ರೆ ನಾನೇ ಓಡಿಸ್ತೀನಿ. ಕಾಲಿಂದಾದ್ರೆ ಇವತ್ತೇ ಬಿಟ್ಬಿಡ್ತೀನಿ. ಮಕ್ಕಳುಮರಿ ಓಡಾಡೋ ರಸ್ತೆ ಅದು. ನಾಲ್ಕು ಗಂಟೆಗೆ ಬರ್ತೀವಿ. ನನ್ನ ಮುಖ ನೋಡಿ ಹೇಳ್ಬೇಡ, ಇರೋದು ಹೇಳು."

ಆಮೇಲೆ ಸ್ಟೂಲಿನ ಕಡೆ ತಿರುಗಿದರು. "ನೀನೂ ಕಾಲಿರಬಹುದು ಅಂದಿದ್ದೆ ಅಲ್ವಾ ಮೇಸ್ತ್ರಿ, ಹೋದ ಸಲ?"

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ. "ಸ್ವಲ್ಪ ತಾಗ್ತಿರಬಹುದು ಅಂದೆ, ಟೀಚರ್," ಎಂದ.

ಅವರು ಹೋದ ಮೇಲೂ ಅವಳು ಎಂಜಿನ್ ಆರಿಸಲಿಲ್ಲ. ಟೀಚರ್ ಕೂತಿದ್ದ ಸೀಟಿನ ಬಾಗಿಲು ತೆರೆದೇ ಇತ್ತು. ಎದುರಿನ ಟೈರ್ ಅಂಗಡಿಯವನು ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತಾ ಕೂಗಿದ, "ಏನ್ ಮೇಡಂ, ಗಾಡಿಗೆ ಭಜನೆ ಕಲಿಸ್ತಿದೀರಾ? ಪೆಟ್ರೋಲ್ ಸುಡ್ತಾ ಸುಮ್ನೆ ನಿಂತಿದೀರಲ್ಲ."

"ನಿನ್ನ ಟ್ಯೂಬ್ ನೋಡ್ಕೊಳಪ್ಪ, ಮುಳುಗೋಗ್ತಿದೆ."

ಹದಿನೆಂಟು ನಿಮಿಷವಾಯಿತು. ಯಾರೂ ಮುಟ್ಟಲಿಲ್ಲ. ಮುಳ್ಳು ಮೆಲ್ಲಗೆ ಸಾವಿರ ದಾಟಿತು, ಸಾವಿರದೈನೂರಕ್ಕೆ ಬಂತು. ಅಲ್ಲಿಂದ ಒಮ್ಮೆಲೇ ಹಾರಿ ಎರಡು ಸಾವಿರ ಮುಟ್ಟಿ, ಕುಸಿದು, ಮತ್ತೆ ಹಾರಿತು. ಖಾಲಿ ಕಾರು ನಿಂತಲ್ಲೇ ಏದುಸಿರು ಬಿಡತೊಡಗಿತು. ಟೀಚರ್ ಸುಳ್ಳು ಹೇಳಿರಲಿಲ್ಲ.

"ಅಪ್ಪ, ನೋಡಿದ್ಯಾ? ಈಗಲೇ ಫೋನ್ ಮಾಡ್ಲಾ?"

"ಏನಂತ ಮಾಡ್ತೀಯ? ಗಾಡಿಗೆ ದೆವ್ವ ಹಿಡಿದಿದೆ ಅಂತಲಾ?" ಎಂದ ಮೇಸ್ತ್ರಿ. "ಕಾರಣ ಕೈಗೆ ಸಿಗದೆ ಬಾಯಿ ಬಿಡಬಾರದು. ಇವತ್ತು ಏರ್ತಿದೆ ಅಂದ್ರೆ ಅವರ ತಮ್ಮ ಮಾರೋಣ ಅಂತಾನೇ ಅಂತಾನೆ."

ಅದೂ ನಿಜವೇ. ಅವಳು ಕೆಲಸಕ್ಕಿಳಿದಳು. ಎಂಜಿನ್ ಹೆಚ್ಚು ಓಡುತ್ತಿದೆಯೆಂದರೆ ಹೆಚ್ಚು ಗಾಳಿ ಕುಡಿಯುತ್ತಿದೆ ಎಂದರ್ಥ. ಎಲ್ಲಿಂದ ಎನ್ನುವುದಷ್ಟೇ ಪ್ರಶ್ನೆ. ಗಾಳಿ ಕೊಳವೆಗಳ ಪ್ರತಿಯೊಂದು ಜೋಡಣೆಗೂ ಸ್ಪ್ರೇ ಹೊಡೆದಳು. ಎಲ್ಲಾದರೂ ಬಿರುಕಿದ್ದರೆ ಎಂಜಿನ್ನಿನ ದನಿ ಬದಲಾಗಬೇಕಿತ್ತು, ಬದಲಾಗಲಿಲ್ಲ. ಬ್ರೇಕಿಗೆ ಹೋಗುವ ದಪ್ಪ ಕೊಳವೆಯನ್ನು ಹಿಸುಕಿದಳು. ಅದೂ ಇಲ್ಲ. ಆಕ್ಸಿಲರೇಟರ್ ಕೇಬಲ್ ಸಡಿಲವಾಗಿ, ಸರಿಯಾಗಿ ಆಡುತ್ತಿತ್ತು.

"ಗಾಳಿ ತಗ್ಗಿಸೋ ಸ್ಕ್ರೂ ಇನ್ನೊಂದು ಕಾಲು ಸುತ್ತು ಬಿಗಿಮಾಡು," ಎಂದ ಮೇಸ್ತ್ರಿ ಕೂತಲ್ಲಿಂದಲೇ.

"ಈಗಾಗಲೇ ಎಷ್ಟು ಬಿಗಿಮಾಡಿದೀಯ?"

"ಮೊದಲ ಸಲ ಮುಕ್ಕಾಲು. ಎರಡನೇ ಸಲ ಒಂದು."

"ಅದಕ್ಕೇ ಒಂದೊಂದ್ಸಲ ನಿಂತಲ್ಲೇ ಆಫ್ ಆಗ್ತಿದೆ. ಜ್ವರ ಬಂದವನಿಗೆ ಬಾಯಿ ಕಟ್ಟಿದ ಹಾಗಾಯ್ತು ಇದು."

ಮೇಸ್ತ್ರಿ ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದ.

ಅವಳು ಗಾಳಿ ಹೋಗುವ ಬಾಯಿಯ ಮುಚ್ಚಳ ಕಳಚಿದಳು. ಒಳಗೆ ಪಕ್ಕದಲ್ಲಿ ಬೆರಳು ಗಾತ್ರದ ಒಂದು ತೂತು. ಎಂಜಿನ್ ತಣ್ಣಗಿರುವಾಗ ಹೆಚ್ಚಿನ ಗಾಳಿ ಬಿಡಲು ಅಲ್ಲೊಂದು ಕವಾಟ ತೆರೆದುಕೊಳ್ಳುತ್ತದೆ. ಬಿಸಿನೀರು ಅದರ ಬುಡದಲ್ಲಿ ಹರಿದು ಕಾಯಿಸಿದಾಗ ಮುಚ್ಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ತೂತು ಮುಚ್ಚಿದಳು. ಎಂಜಿನ್ ಗಕ್ಕನೆ ಶಾಂತವಾಯಿತು. ಬೆರಳು ತೆಗೆದಳು, ಏರಿತು. ಮುಚ್ಚಿದಳು, ಇಳಿಯಿತು. ಮೂರು ಸಲ ಹೀಗೆ ಮಾಡಿ, ನಾಲ್ಕನೆಯ ಸಲ ಬರೀ ಸಂತೋಷಕ್ಕೆ ಮಾಡಿದಳು.

ಅಂದರೆ ಎಂಜಿನ್ ಕಾದಿದ್ದರೂ ಕವಾಟ ಮಾತ್ರ ಇನ್ನೂ ಚಳಿಯಲ್ಲಿತ್ತು. ಅದಕ್ಕೆ ಹೋಗುವ ತೆಳು ನೀರಿನ ಕೊಳವೆಯನ್ನು ಹಿಡಿದು ನೋಡಿದಳು. ಕೈ ಸುಡಬೇಕಿದ್ದದ್ದು ಉಗುರುಬೆಚ್ಚಗಿತ್ತು. ಕಾರಿನೊಳಗೆ ಕೈಹಾಕಿ ಹೀಟರ್ ತಿರುಗಿಸಿದಳು, ತಣ್ಣನೆಯ ಗಾಳಿ ಬಂತು. ಬಿಸಿನೀರು ಮೇಲಿನ ಭಾಗಕ್ಕೆ ತಲುಪುತ್ತಿಲ್ಲ. ದಾರಿಯಲ್ಲಿ ಗಾಳಿಯ ಗುಳ್ಳೆಯೊಂದು ಕೂತುಬಿಟ್ಟಿದೆ. ಜೋರಾಗಿ ಓಡಿಸಿದಾಗ ನೀರು ಅದನ್ನು ಹಾಗೂ ಹೀಗೂ ದಾಟಿ ಹೋಗುತ್ತದೆ, ಕವಾಟ ಮುಚ್ಚುತ್ತದೆ. ಗಾಡಿ ನಿಂತಾಗ ಗುಳ್ಳೆ ಮತ್ತೆ ಬಂದು ಕೂರುತ್ತದೆ. ಬೆಳಿಗ್ಗೆ ಬರಲು ತಡಮಾಡಿ, ಎಲ್ಲರ ಮುಂದೆ ಟೀಚರಿಗೆ ಅವಮಾನ ಮಾಡಿದ್ದು ಆ ಗುಳ್ಳೆ.

ಎಂಜಿನ್ ಆರಿಸಿ, ತಣ್ಣಗಾಗುವವರೆಗೆ ಕಾದು, ರೇಡಿಯೇಟರಿನ ಮುಚ್ಚಳ ತೆಗೆದಳು. ನೀರು ಕಂಠದವರೆಗೆ ತುಂಬಿತ್ತು.

ಅವಳು ಪೆಚ್ಚಾದಳು. ಗುಳ್ಳೆಯಿದ್ದರೆ ನೀರು ಕಡಿಮೆ ಇರಬೇಕಲ್ಲವೇ? ಬಗ್ಗಿ, ಪಕ್ಕದ ಪ್ಲಾಸ್ಟಿಕ್ ಡಬ್ಬಿಯನ್ನು ನೋಡಿದಳು. ಡಬ್ಬಿಯ ಮೇಲೆ ನೀರಿನ ಮಟ್ಟಕ್ಕೆಂದು ಅಚ್ಚು ಹಾಕಿದ ಗೆರೆಯೊಂದಿತ್ತು. ಒಳಗಿನ ನೀರು ಆ ಗೆರೆಯನ್ನು ಓರೆಯಾಗಿ ಕತ್ತರಿಸಿತ್ತು, ಮುಂದೆ ಮೇಲೆ, ಹಿಂದೆ ಕೆಳಗೆ.

ನೀರು ಓರೆಯಾಗಿ ನಿಲ್ಲುವುದಿಲ್ಲ. ಓರೆಯಾಗಿದ್ದದ್ದು ಕಾರು. ಕಾರಿನ ಕೆಳಗಿನ ನೆಲ.

ಈ ನೆಲವನ್ನು ಹಾಕಿದವನು ಅಪ್ಪನೇ. ಎಣ್ಣೆ ನೀರು ಬೀದಿಗೆ ಹರಿಯಬಾರದೆಂದು, ಬಾಗಿಲಿನಿಂದ ಒಳಗೋಡೆಯ ಮೋರಿಯ ಕಡೆಗೆ ಇಳಿಜಾರು ಕೊಟ್ಟು, ಕರಣೆ ಹಿಡಿದು ತಾನೇ ಹಾಕಿದ್ದ. ಇಡೀ ಬೀದಿಯಲ್ಲಿ ಮುಂಬಾಗಿಲು ಕಪ್ಪಾಗದ ಗ್ಯಾರೇಜು ತನ್ನದೊಂದೇ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಅವಳು ಇದರ ಮೇಲೆ ಅಂಬೆಗಾಲಿಟ್ಟವಳು. ಇಳಿಜಾರಿದೆಯೆಂದು ಕಾಲುಗಳಿಗೆ ಎಂದೋ ಮರೆತುಹೋಗಿತ್ತು. ಒಳಗೆ ಬಂದ ಪ್ರತಿ ಗಾಡಿಯೂ ಇಲ್ಲಿ ಮೂತಿ ತಗ್ಗಿಸಿ ನಿಲ್ಲುತ್ತಿತ್ತು. ಮೂತಿ ತಗ್ಗಿದಾಗ ರೇಡಿಯೇಟರಿನ ಬಾಯಿ ಎಂಜಿನ್ನಿನ ತಲೆಗಿಂತ ಕೆಳಗೆ. ಬಾಯಿ ತುಂಬಿ ತುಳುಕಿದರೂ ತಲೆಯಲ್ಲಿ ಗಾಳಿ ಉಳಿಯುತ್ತದೆ. ಬೇರೆ ಗಾಡಿಗಳು ನಾಲ್ಕು ದಿನ ಓಡಾಡಿ ಅದನ್ನು ತೇಗಿ ಹೊರಹಾಕುತ್ತವೆ. ಆದರೆ ಈ ಕಾರಿನ ಆ ತೆಳು ಕೊಳವೆ ಗೂನು ಬೆನ್ನಿನ ಹಾಗೆ ಬಾಗಿತ್ತು. ಅಲ್ಲಿ ಸಿಕ್ಕ ಗಾಳಿ ಹೊರಬರುವುದಿಲ್ಲ.

ಒಂದೂವರೆ ತಿಂಗಳ ಹಿಂದೆ ರೇಡಿಯೇಟರಿನ ಹಳೆಯ ಕೊಳವೆ ಬದಲಿಸಿ ಹೊಸ ನೀರು ತುಂಬಿದ್ದು ಅಪ್ಪ. ಒಳಗೆ ನಿಲ್ಲಿಸಿ ಇದರ ನೀರು ಪೂರ್ತಿ ಬಸಿದು ತುಂಬಿದ್ದು ಅದೇ ಮೊದಲು. ಆ ವಾರ ಅವಳು ಜ್ವರ ಬಂದು ಮಲಗಿದ್ದಳು.

ಅವಳು ಹಾಗೇ ಬಗ್ಗಿ ನಿಂತಿದ್ದಳು. ಕಾರನ್ನು ಹೊರಗೆ ತೆಗೆದು, ಮೂತಿ ಎತ್ತಿ, ಗಾಳಿ ಬಿಟ್ಟು, "ಕವಾಟ ಕೊಳೆಯಾಗಿತ್ತು, ತೊಳೆದೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಟೀಚರಿಗೆ ಕಾರು ಉಳಿಯುತ್ತದೆ, ಅಪ್ಪನಿಗೆ ನೆಲ ಉಳಿಯುತ್ತದೆ.

"ಏನು ನೋಡ್ತಿದೀಯ?"

"ಏನಿಲ್ಲ."

"ಇಷ್ಟು ಹೊತ್ತು ಏನಿಲ್ಲದ್ದನ್ನ ಯಾರೂ ನೋಡಲ್ಲ." ಮೇಸ್ತ್ರಿ ಮಂಡಿಗಳ ಮೇಲೆ ಕೈಯೂರಿ ಎದ್ದ. ಒಂದೊಂದೇ ಹೆಜ್ಜೆಯಿಟ್ಟು ಬಂದು ಅವಳ ಪಕ್ಕದಲ್ಲಿ ಬಗ್ಗಿದ. ಅವಳು ಬೆರಳು ತೋರಿಸಲಿಲ್ಲ. ತೆರೆದ ರೇಡಿಯೇಟರ್ ನೋಡಿದ, ತೆಳು ಕೊಳವೆಯನ್ನು ಮುಟ್ಟಿದ, ಡಬ್ಬಿಯನ್ನು ನೋಡಿದ. ಬಹಳ ಹೊತ್ತು ಡಬ್ಬಿಯನ್ನೇ ನೋಡಿದ. ಬೀದಿಯಲ್ಲಿ ಟೈರಿನ ಮೇಲೆ ಸುತ್ತಿಗೆ ಬೀಳುತ್ತಿತ್ತು.

ಆಮೇಲೆ ಬಾಗಿಲಿಗೆ ಹೋಗಿ ಟೈರ್ ಅಂಗಡಿಯ ಕಡೆ ಗಂಟಲು ಬಿಚ್ಚಿ ಕೂಗಿದ, "ಲೋ, ಬಾರೋ ಇಲ್ಲಿ! ಗಾಡಿ ತಳ್ಳಬೇಕು. ಮೂತಿ ಮೇಲಾಗ್ಬೇಕು."

ಮೂವರೂ ಸೇರಿ ಕಾರನ್ನು ಹಿಂದಕ್ಕೆ ತಳ್ಳಿ ಬೀದಿಗೆ ತಂದು, ಏರಿನ ಕಡೆಗೆ ತಿರುಗಿಸಿದರು. ಮೇಸ್ತ್ರಿ ಬೇಡವೆಂದರೂ ಕೇಳದೆ ಹೆಗಲು ಕೊಟ್ಟ. "ಮೇಸ್ತ್ರಿ, ಮಂಡಿ ಬಿಚ್ಚಿ ಬಿದ್ರೆ ನನ್ನತ್ರ ಸ್ಪೇರ್ ಇಲ್ಲ," ಎಂದ ಟೈರ್ ಅಂಗಡಿಯವನು. ಮುಂದಿನ ಚಕ್ರಗಳ ಕೆಳಗೆ ಹಲಗೆ ಕೊಟ್ಟು ಇನ್ನಷ್ಟು ಎತ್ತಿದರು. ಈಗ ರೇಡಿಯೇಟರಿನಲ್ಲಿ ನೀರೇ ಕಾಣಲಿಲ್ಲ. ಒಂದೂಕಾಲು ಲೀಟರ್ ಹಿಡಿಯಿತು. ಎಂಜಿನ್ ಓಡಿಸಿ ಕೊಳವೆಯನ್ನು ಅವಳು ಹಿಸುಕಿ ಬಿಡುತ್ತಿದ್ದಂತೆ ಗುಳುಗುಳು ಎಂದು ಗುಳ್ಳೆಗಳು ಬಂದವು, ಮೊದಲು ಸಣ್ಣವು, ಕೊನೆಗೆ ನಿಂಬೆಹಣ್ಣಿನಷ್ಟು ದೊಡ್ಡದೊಂದು. ತೆಳು ಕೊಳವೆ ಕೈ ಸುಟ್ಟಿತು. ಅವಳು ಮೇಸ್ತ್ರಿಯ ಸ್ಕ್ರೂವನ್ನು ಒಂದು ಮುಕ್ಕಾಲು ಸುತ್ತು ಹಿಂದಕ್ಕೆ ತಿರುಗಿಸಿದಳು. ಮುಳ್ಳು ಎಂಟುನೂರಕ್ಕೆ ಇಳಿದು ನಿಂತಿತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾದರು. ಅದು ಅಲ್ಲೇ ಇತ್ತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅಕ್ಕ ತಮ್ಮ ಬಂದರು. ತಮ್ಮನ ಕೈಯಲ್ಲಿ ಕಾರಿನ ಕಾಗದಪತ್ರಗಳಿದ್ದವು.

"ಏನಾಗಿತ್ತು?" ಎಂದರು ಟೀಚರ್. ಅವರ ಬೆರಳುಗಳು ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು.

ಅವಳು ಬಾಯಿ ತೆರೆದಳು. ಕವಾಟದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮೇಸ್ತ್ರಿ ಮುಂದೆ ಬಂದ.

"ಟೀಚರ್, ನಿಮ್ಮ ಕಾಲು ಎಲ್ಲೂ ಹೋಗಿರಲಿಲ್ಲ. ಅದು ಇರಬೇಕಾದ ಕಡೆನೇ ಇತ್ತು," ಎಂದ. ಎದುರಂಗಡಿಗೂ ಕೇಳುವಷ್ಟು ಜೋರಾಗಿ ಹೇಳಿದ. "ನೀರು ತುಂಬಿಸಿದ್ದು ನಾನು. ಓರೆ ನೆಲದಲ್ಲಿ ನಿಲ್ಲಿಸಿ ತುಂಬಿಸ್ದೆ, ಒಳಗೆ ಗಾಳಿ ಉಳೀತು. ಗೋಡೆಗೆ ಗುದ್ದಿದ್ದು ನೀವಲ್ಲ, ನಾನು. ಆಮೇಲೆ ನಿಮ್ಮ ಕಾಲಿನ ಮೇಲೆ ಹಾಕ್ದೆ. ಅದು ಇನ್ನೂ ದೊಡ್ಡ ತಪ್ಪು."

ತಮ್ಮ ಕಾಗದಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅಂದ್ರೆ, ಗ್ಯಾರೇಜಿನ ತಪ್ಪು."

"ಅಲ್ಲ ಸಾರ್. ತಪ್ಪು ನನ್ನದು. ಗ್ಯಾರೇಜು ಅದನ್ನ ಹಿಡೀತು." ಮೇಸ್ತ್ರಿ ಮಗಳ ಕಡೆ ಕೈ ತೋರಿಸಿದ. ಆ ಕೈಯ ಮೇಲೆ ಕಪ್ಪು ಎಣ್ಣೆ, ಮುಖದಲ್ಲಿ ಹೊಸ ಗಾಡಿ ಕೊಂಡವನ ಗತ್ತು. "ನಲವತ್ತು ವರ್ಷ ಈ ನೆಲ ತುಳಿದಿದೀನಿ, ನನಗೆ ಕಾಣಲಿಲ್ಲ. ಇವಳು ಒಂದು ಪ್ಲಾಸ್ಟಿಕ್ ಡಬ್ಬಿ ನೋಡಿ ಕಂಡುಹಿಡಿದ್ಲು. ಏನು ಕೇಳೋದಿದ್ರೂ ಇನ್ನು ಅವಳನ್ನೇ ಕೇಳಿ."

ಅವಳಿಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಕೈ ಒರೆಸಿದ್ದನ್ನೇ ಒರೆಸಿದಳು. "ಹೀಟರ್ ಕೂಡ ಈಗ ಬಿಸಿ ಬರುತ್ತೆ, ಟೀಚರ್," ಎಂದಷ್ಟೇ ಹೇಳಿದಳು.

ಟೀಚರ್ ಕಣ್ಣುಗಳು ಹೊಳೆಯುತ್ತಿದ್ದವು. ಅವರು ತಮ್ಮನ ಕೈಯಿಂದ ಕಾಗದಗಳನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು. "ಗಾಡಿ ಹತ್ತು. ಮನೆವರೆಗೂ ನಾನೇ ಬಿಡ್ತೀನಿ. ನನ್ನ ಕಾಲು ನೋಡ್ಕೊಂಡೇ ಕೂತಿರು, ಬೇಸರ ಇಲ್ಲ."

ತಮ್ಮ ತಲೆ ತಗ್ಗಿಸಿ, ಮಂಡಿ ಮಡಿಸಿ, ಹೇಗೋ ಒಳಗೆ ತೂರಿಕೊಂಡ.

ಹಸಿರು ಕಾರು ಬೀದಿಯ ತುದಿಯವರೆಗೆ ನಿಧಾನಕ್ಕೆ ಹೋಯಿತು. ಅಲ್ಲಿ ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಎರಡು ಹಾಸಿಗೆ ಹೇರಿಕೊಂಡು, ಬೀಳದ ಹಾಗೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಅಡ್ಡಲಾಗಿ ದಾಟುತ್ತಿದ್ದ. ಕಾರು ನಿಂತಿತು. ನಡುದಾರಿಯಲ್ಲಿ ಮೇಲಿನ ಹಾಸಿಗೆ ಜಾರಿತು. ಅವನು ಸೈಕಲ್ ನಿಲ್ಲಿಸಿ, ಹಗ್ಗ ಬಿಚ್ಚಿ, ಮತ್ತೆ ಕಟ್ಟತೊಡಗಿದ. ಕಾರು ಸದ್ದಿಲ್ಲದೆ ಕಾಯುತ್ತಿತ್ತು.

"ಆಫ್ ಆಗೋಯ್ತೇನೋ," ಎಂದ ಮೇಸ್ತ್ರಿ, ಬಾಗಿಲಿನ ಕಂಬ ಹಿಡಿದು.

"ಇಲ್ಲಪ್ಪ," ಎಂದಳು.

ಸೈಕಲ್ಲಿನವನು ಗಂಟು ಬಿಗಿದು, ಒಮ್ಮೆ ಎಳೆದು ನೋಡಿ, ದಾಟಿ ಹೋದ. ಕಾರಿನ ಹಿಂದಿನ ಎರಡು ಕೆಂಪು ಬ್ರೇಕ್ ದೀಪಗಳು ಆರಿದವು, ಅದು ಮೆಲ್ಲಗೆ ಮುಂದೆ ಸರಿಯಿತು.